ಗ್ನಾಟ್ ಪಕ್ಕದ ಫಲಕದಲ್ಲಿ ಒಂದು ಕಬ್ಬಿಣದ ಅಂಗಡಿಗೂ ಜಾಗ ಕೊಡಿ

ಗ್ನಾಟ್ ಮತ್ತು ಅಜೀತ್ ಯುದ್ಧವಿಮಾನಗಳನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡಿರುವ ಸಂಗ್ರಹಾಲಯ, ಕಾಲೇಜು, ಉದ್ಯಾನಗಳ ಆಡಳಿತದವರಿಗೆ, ಆ ವಿಮಾನಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ವಿವರಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವನು. 1977ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಬಂದ ಮೊದಲ ವಿಮಾನ ಅಜೀತ್. ಗ್ನಾಟ್ ವಿಮಾನವನ್ನೇ ತಿದ್ದಿ ನಮ್ಮವರು ಮಾಡಿದ್ದು ಅದು. ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಆದರೂ ಎಲ್ಲಾದರೂ ಒಂದು ಗ್ನಾಟ್ ನಿಂತಿದೆ ಅಂತ ಗೊತ್ತಾದರೆ ಕಾಲು ತಾನೇ ಆ ಕಡೆ ತಿರುಗುತ್ತದೆ. ಹತ್ತಿರ ಹೋಗಿ ರೆಕ್ಕೆಯ ಅಂಚು ಮುಟ್ಟಿ ನೋಡುತ್ತೇನೆ. ಅಷ್ಟು ಚಿಕ್ಕದು ಅದು. ಉದ್ದ 9 ಮೀಟರು ಕೂಡ ಇಲ್ಲ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 7 ಮೀಟರು ಇಲ್ಲ. ನಿಂತ ನೆಲದಿಂದಲೇ ಎಷ್ಟೋ ಮುಚ್ಚಳಗಳಿಗೆ ಕೈ ಎಟಕುತ್ತಿತ್ತು. ಏಣಿ ಹುಡುಕುವ ಕೆಲಸ ಕಡಿಮೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ವಿಮಾನದ ಪಕ್ಕದ ಫಲಕ ಬರೆಸುವಾಗ, ಅಥವಾ ಹಳೆಯ ಫಲಕಕ್ಕೆ ಹೊಸ ಬಣ್ಣ ಹೊಡೆಸುವಾಗ, ವೇಗ, ತೂಕ, ಫಿರಂಗಿಗಳ ಲೆಕ್ಕದ ಜೊತೆಗೆ ನಾಲ್ಕು ಸಾಲು ಜಾಸ್ತಿ ಬರೆಸಿ. ಇಂಗ್ಲೆಂಡಿನ ಯೋವಿಲ್ ಎಂಬ ಊರಿನಲ್ಲಿದ್ದ ಒಂದು ಕಬ್ಬಿಣದ ಸಾಮಾನಿನ ಅಂಗಡಿಯ ಬಗ್ಗೆ ಆ ಸಾಲುಗಳು ಇರಲಿ. ಈ ವಿಮಾನದ ಬೇರು ಅಲ್ಲಿದೆ.

ಇದನ್ನು ನಾನು ಕೇಳುವುದಕ್ಕೆ ಕಾರಣ ಉಂಟು. ನಮ್ಮಪ್ಪನದೂ ಕಬ್ಬಿಣದ ಅಂಗಡಿ. ತಿಪಟೂರು ಸೀಮೆಯ ಒಂದು ಹೋಬಳಿ ಊರಿನಲ್ಲಿ, ಬಸ್ ನಿಲ್ಲುವ ಜಾಗದ ಎದುರಿಗೆ. ಮೊಳೆ, ಚಿಲಕ, ಗುದ್ದಲಿ, ಪಿಕಾಸಿ, ತಂತಿ, ಹಗ್ಗ, ಪಂಪ್‌ಸೆಟ್ಟಿನ ವಾಷರ್ರು. ಸ್ಕೂಲು ಬಿಟ್ಟು ಬಂದು ನಾನು ಮೊಳೆ ತೂಗಿ ಹಳೇ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದೆ. ಮೊಳೆಯ ಮೊನೆ ಪೇಪರು ಹರಿದುಕೊಂಡು ಬರದ ಹಾಗೆ ಕಟ್ಟಲು ಒಂದು ಚಳಕ ಬೇಕು.

ಆದರೆ ಅಂಗಡಿಯ ನಿಜವಾದ ಕೆಲಸ ಮಾರಾಟ ಅಲ್ಲ. ಯಾರೋ ರೈತರು ಟವೆಲಿನಲ್ಲಿ ಒಂದು ಮುರಿದ ತುಂಡು ಸುತ್ತಿಕೊಂಡು ಬರುತ್ತಿದ್ದರು. "ಇದರ ಜೋಡಿ ಸಿಗುತ್ತಾ ಅಣ್ಣಾ?" ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ಥ್ರೆಡ್ ಸವರಿ, ಯಾವ ಅಳತೆ ಅಂತ ಹೇಳುತ್ತಿದ್ದರು. ಗಲ್ಲಾ ಕೆಳಗೆ ಒಂದು ಡಬ್ಬ. ಅದರ ತುಂಬಾ ಬಿಡಿ ನಟ್ಟು, ಬೋಲ್ಟು. ಅಲ್ಲಿ ಸಿಗದಿದ್ದರೆ ಪಕ್ಕದ ಕುಲುಮೆಗೆ ತಾವೇ ಹೋಗಿ ಕಾಯಿಸಿ ಬಡಿಸಿ ತರುತ್ತಿದ್ದರು. ಯಾವುದು ಎಲ್ಲಿ ಮುರಿಯುತ್ತೆ, ಯಾಕೆ ಮುರಿಯುತ್ತೆ ಅಂತ ಅವರಿಗೆ ಗೊತ್ತಿತ್ತು. ಅವರು ಓದಿದ್ದು ಲೋಯರ್ ಸೆಕೆಂಡರಿ. ನಾನು ಅರ ಹಿಡಿಯುವುದನ್ನು ಮೊದಲು ಕಲಿತದ್ದು ಆ ಕಟ್ಟೆಯ ಮೇಲೆ ಕೂತು.

ಫ್ಯಾಕ್ಟರಿಯಲ್ಲಿ ನಮಗೆಲ್ಲ ಪೆಟ್ಟರ್ ಎಂಬ ಹೆಸರು ಗೊತ್ತಿತ್ತು. ಗ್ನಾಟ್ ವಿನ್ಯಾಸ ಮಾಡಿದ ಇಂಗ್ಲಿಷ್ ಎಂಜಿನಿಯರ್, ಕೇಂಬ್ರಿಜ್‌ನಲ್ಲಿ ಓದಿದವರು. ಅಷ್ಟೇ ಗೊತ್ತಿದ್ದದ್ದು. ಅವರ ತಾತ ಮೊಳೆ, ಒಲೆ ಮಾರುತ್ತಿದ್ದರು ಅಂತ ನಾನು ತಿಳಿದದ್ದು ಅರವತ್ತು ದಾಟಿದ ಮೇಲೆ. ಮಗಳು, ಅಳಿಯ ಇಂಗ್ಲೆಂಡಿನಲ್ಲಿ ಇದ್ದಾಗ ಅವರ ಜೊತೆ ಆ ಸೀಮೆಗೆ ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಯೋವಿಲ್ ಇರುವುದು ಇಂಗ್ಲೆಂಡಿನ ನೈಋತ್ಯದ ಸಾಮರ್ಸೆಟ್‌ನಲ್ಲಿ. ಸುತ್ತ ಹುಲ್ಲುಗಾವಲು, ಹೈನು. ಊರಿನ ಹಳೆಯ ಕಸುಬು ಚರ್ಮದ ಕೈಗವಸು ಹೊಲಿಯುವುದು. ಊರಿನ ಫುಟ್‌ಬಾಲ್ ತಂಡವನ್ನು ಇವತ್ತಿಗೂ ಗ್ಲವರ್ಸ್ ಅನ್ನುತ್ತಾರೆ, ಅಂದರೆ ಕೈಗವಸಿನವರು. 1860ರ ದಶಕದಲ್ಲಿ ಜಾನ್ ಪೆಟ್ಟರ್ ಎಂಬುವರು ಈ ಊರಿನಲ್ಲಿ ನಡೆಯುತ್ತಿದ್ದ ಒಂದು ಕಬ್ಬಿಣದ ಅಂಗಡಿ ಕೊಂಡರು. ತಮಗಾಗಿ ಅಲ್ಲ. ಮಗ ಜೇಮ್ಸ್ ಬೇಜ್ಲಿ ಪೆಟ್ಟರ್‌ಗೆ ಮದುವೆಯ ಉಡುಗೊರೆಯಾಗಿ! ನಮ್ಮಲ್ಲೂ ಮದುವೆಯಾದ ಮಗನಿಗೆ ಅಂಗಡಿ ಹಾಕಿ ಕೊಡುತ್ತಾರಲ್ವಾ, ಹಾಗೆ.

ಇಂಥ ಅಂಗಡಿಯವರನ್ನು ಇಂಗ್ಲೆಂಡಿನಲ್ಲಿ ಐರನ್‌ಮಾಂಗರ್ ಅನ್ನುತ್ತಾರೆ. ಬೀಗ, ಬಾಗಿಲ ಕೀಲು, ದೀಪ, ಒಲೆ, ಹೊಲದ ಸಲಕರಣೆ, ಎಲ್ಲವೂ ಅಲ್ಲೇ. ಜೇಮ್ಸ್ ಪೆಟ್ಟರ್ ಬರೀ ತರಿಸಿ ಮಾರುವವರಾಗಿ ಕೂರಲಿಲ್ಲ. ಊರಿನ ಎರಕದ ಕಾರ್ಖಾನೆಯನ್ನೂ ಕೊಂಡರು. ಅಂಗಡಿಯವನ ಕೈಗೆ ಫೌಂಡ್ರಿ ಬಂದರೆ ಏನಾಗುತ್ತದೆ ಅಂತ ಯೋಚನೆ ಮಾಡಿ. ಗಿರಾಕಿ ಬಂದು "ಈ ಒಲೆ ಹೊಗೆ ಉಗುಳುತ್ತೆ" ಅಂದರೆ, ಆ ಮಾತು ಕೇಳಿಸಿಕೊಂಡವರೇ ಹೊಸ ಅಚ್ಚು ಮಾಡಿಸಿ ನೋಡಬಹುದು. ನಡುವೆ ಯಾರೂ ಇಲ್ಲ.

ಆ ಎರಕದ ಮನೆಯಿಂದ ಬಂದ ಒಂದು ಒಲೆ ದೊಡ್ಡ ಹೆಸರು ಮಾಡಿತು. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲು ಗೋಡೆಯಲ್ಲಿ ಕೂರಿಸುವ ಕಬ್ಬಿಣದ ಒಲೆ ಅದು. ನಾಟಿಲಸ್ ಅಂತ ಹೆಸರು. ಸುರುಳಿ ಚಿಪ್ಪಿನ ಒಂದು ಕಡಲಜೀವಿಯ ಹೆಸರು ಅದು. ವಿಕ್ಟೋರಿಯಾ ರಾಣಿಯ ಬಾಲ್ಮೋರಲ್ ಮತ್ತು ಆಸ್ಬರ್ನ್ ಅರಮನೆಗಳಿಗೂ ಈ ಒಲೆ ಹೋಯಿತು. ಯೋವಿಲ್‌ನ ರೆಕಲ್‌ಫರ್ಡ್‌ನಲ್ಲಿ ಮುಂದೆ ಕಟ್ಟಿದ ಕಾರ್ಖಾನೆಗೂ ನಾಟಿಲಸ್ ವರ್ಕ್ಸ್ ಅಂತಲೇ ಹೆಸರಿಟ್ಟರು. ಒಂದು ಒಲೆಯ ಹೆಸರನ್ನು ಕಾರ್ಖಾನೆಯ ಹಣೆಗೆ ಬರೆದರಲ್ಲ, ನನಗೆ ಅದು ಬಹಳ ಇಷ್ಟ. ಯಾವುದು ಅನ್ನ ಕೊಟ್ಟಿತೋ ಅದನ್ನು ಮರೆಯಲಿಲ್ಲ.

ಜೇಮ್ಸ್ ಪೆಟ್ಟರ್‌ಗೆ 15 ಮಕ್ಕಳು. ಮೂರನೆಯವರು, ನಾಲ್ಕನೆಯವರು ಅವಳಿ: ಪರ್ಸಿವಲ್ ಮತ್ತು ಅರ್ನೆಸ್ಟ್. ಹುಟ್ಟಿದ್ದು 1873ರಲ್ಲಿ. ಪರ್ಸಿವಲ್ ಇಪ್ಪತ್ತರ ಹರೆಯದಲ್ಲೇ ಫೌಂಡ್ರಿಯ ಉಸ್ತುವಾರಿ ಹೊತ್ತರು. ಅಲ್ಲಿ ಬೆಂಜಮಿನ್ ಜೇಕಬ್ಸ್ ಎಂಬ ಎಂಜಿನಿಯರ್ ಇದ್ದರು. 1895ರ ಹೊತ್ತಿಗೆ ಇವರು ಎಣ್ಣೆಯಿಂದ ಓಡುವ ಒಂದು ಎಂಜಿನ್ ಮಾಡಿ, ಊರಿನಲ್ಲೇ ಇದ್ದ ಹಿಲ್ ಅಂಡ್ ಬೋಲ್ ಎಂಬ ಸಾರೋಟು ಕಟ್ಟುವವರ ಗಾಡಿಗೆ ಕೂರಿಸಿದರು. ಕುದುರೆ ಕಟ್ಟುವ ಗಾಡಿ, ಕುದುರೆ ಇಲ್ಲದೆ ಯೋವಿಲ್ ಬೀದಿಯಲ್ಲಿ ಓಡಿತು. ಬ್ರಿಟನ್ನಿನಲ್ಲಿ ತಯಾರಾದ ಮೊಟ್ಟಮೊದಲ ಕಾರುಗಳ ಸಾಲಿನಲ್ಲಿ ಅದೂ ಒಂದು.

ಕಾರಿನಿಂದ ದುಡ್ಡು ಬರಲಿಲ್ಲ. ಆದರೆ ಎಂಜಿನ್ ಉಳಿಯಿತು. ಗಾಡಿಯಿಂದ ಬಿಚ್ಚಿ ಹೊಲಕ್ಕೆ ಇಟ್ಟರೆ ಅದು ನೀರೆತ್ತುತ್ತದೆ, ಮೇವು ಕತ್ತರಿಸುತ್ತದೆ. ಅಂಗಡಿಗೆ ಬರುತ್ತಿದ್ದ ಗಿರಾಕಿಗಳೇ ಅದಕ್ಕೂ ಗಿರಾಕಿಗಳು. ರೈತರು! ಪೆಟ್ಟರ್ ಎಂಜಿನ್ ದೇಶ ದಾಟಿ ಹೋಯಿತು. ನನ್ನ ಪ್ರಕಾರ ಈ ಮನೆತನದ ಅತಿ ದೊಡ್ಡ ಬುದ್ಧಿವಂತಿಕೆಯ ಕೆಲಸ ಇದೇ. ಕಾರಿನ ಹುಚ್ಚು ಹಿಡಿಸಿಕೊಂಡು ಮುಳುಗಿದವರು ಆ ಕಾಲದಲ್ಲಿ ಎಷ್ಟೋ ಜನ. ಇವರು ತಮ್ಮ ಕಟ್ಟೆಗೆ ಬರುವವರಿಗೆ ಏನು ಬೇಕೋ ಅದಕ್ಕೆ ವಾಪಸ್ ಬಂದರು.

ಜಾಗ ಸಾಲದೆ ಊರಿನ ಪಶ್ಚಿಮಕ್ಕೆ ಹೊಸ ಜಮೀನು ತೆಗೆದುಕೊಂಡರು. ಅದಕ್ಕೆ ವೆಸ್ಟ್‌ಲ್ಯಾಂಡ್ ಅಂತ ಹೆಸರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಬ್ರಿಟಿಷ್ ಸರ್ಕಾರಕ್ಕೆ ಮದ್ದುಗುಂಡಿನ ಕೊರತೆ. ಪೆಟ್ಟರ್ ಕಂಪನಿ ತನ್ನ ಕಾರ್ಖಾನೆಯನ್ನೆಲ್ಲ ಸರ್ಕಾರದ ಕೆಲಸಕ್ಕೆ ಬಿಟ್ಟುಕೊಡಲು ಮುಂದೆ ಬಂತು. ಸರ್ಕಾರ ಕೇಳಿದ್ದು ವಿಮಾನ. ಶಾರ್ಟ್ 184 ಎಂಬ, ನೀರಿನ ಮೇಲೆ ಇಳಿಯುವ ವಿಮಾನ, ಒಟ್ಟು 12. ವಿಮಾನ ಕಟ್ಟಿ ಗೊತ್ತೇ ಇಲ್ಲದವರು ಒಪ್ಪಿಕೊಂಡರು. ವೆಸ್ಟ್‌ಲ್ಯಾಂಡ್ ವಿಮಾನ ಕಾರ್ಖಾನೆ ಹುಟ್ಟಿದ್ದು ಹಾಗೆ.

ಆ ಹನ್ನೆರಡರಲ್ಲಿ ಒಂದನ್ನು ನಾನು ಕಣ್ಣಾರೆ ನೋಡಿದೆ. ಯೋವಿಲ್‌ಗೆ ಹತ್ತಿರದ ಯೋವಿಲ್ಟನ್‌ನಲ್ಲಿ ನೌಕಾಪಡೆಯ ವಿಮಾನಗಳ ಸಂಗ್ರಹಾಲಯ ಇದೆ. ಅಲ್ಲಿ ಅದರ ಮುಂಭಾಗ ಮಾತ್ರ ಉಳಿದಿದೆ. 1940ರಲ್ಲಿ ಲಂಡನ್ನಿನ ಸಂಗ್ರಹಾಲಯದಲ್ಲಿ ಇದ್ದಾಗ ಬಾಂಬು ಬಿದ್ದು ಹಾಳಾಯಿತಂತೆ. ಮರದ ಚೌಕಟ್ಟು. ನಾನು ಸುಮ್ನೆ ನಿಂತು ಅದರ ಕೀಲುಗಳನ್ನು ನೋಡುತ್ತಾ ಇದ್ದೆ. ಫಿಟ್ಟರ್ ಕಣ್ಣು ಹೋಗುವುದೇ ಅಲ್ಲಿಗೆ. ಮಗಳು ಎರಡು ಸಲ ಕರೆದಳು.

ಅದು 1916ರ ಮೇ 31ರಂದು ಜಟ್‌ಲ್ಯಾಂಡ್ ಕಡಲ ಕಾಳಗದಲ್ಲಿ ಹಾರಿದ ವಿಮಾನ. ಜರ್ಮನ್ ಹಡಗುಗಳನ್ನು ಕಂಡು ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿತು. ನೌಕಾಪಡೆಗಳ ದೊಡ್ಡ ಕಾಳಗವೊಂದರಲ್ಲಿ ವಿಮಾನ ಈ ಕೆಲಸ ಮಾಡಿದ್ದು ಅದೇ ಮೊದಲು. ಹಾರುತ್ತಿದ್ದಾಗ ಪೆಟ್ರೋಲಿನ ಪೈಪು ಒಡೆಯಿತು. ಪೈಲಟ್ ರಟ್‌ಲ್ಯಾಂಡ್ ನೀರಿಗಿಳಿಸಿ, ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ರಿಪೇರಿ ಮಾಡಿದರು. ಇದನ್ನು ಓದಿದಾಗ ನನಗೆ ಅಪ್ಪನ ಗಲ್ಲಾ ಕೆಳಗಿನ ಡಬ್ಬ ನೆನಪಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, ಶುರುವಾಯಿತು. ಇದ್ದದ್ದು ನಾಲ್ಕೇ ವಿಮಾನ. ನಾಲ್ಕೂ ವೆಸ್ಟ್‌ಲ್ಯಾಂಡ್ ವಾಪಿಟಿ, ಯೋವಿಲ್‌ನಲ್ಲಿ ಹುಟ್ಟಿದವು. ಎರಡೇ ದಿನ ಕಳೆದು, ಏಪ್ರಿಲ್ 3ರಂದು, ಬಿಹಾರದ ಪೂರ್ಣಿಯಾ ಕಡೆಯಿಂದ ಎರಡು ವಿಮಾನಗಳು ಏರಿ ಎವರೆಸ್ಟ್ ಶಿಖರದ ಮೇಲೆ ಹಾರಿದವು. ಅದಕ್ಕೆ ಮೊದಲು ಯಾರೂ ಹಾಗೆ ಹಾರಿರಲಿಲ್ಲ. ಆ ಎರಡೂ ವೆಸ್ಟ್‌ಲ್ಯಾಂಡ್‌ನವೇ. ಒಂದೇ ವಾರದಲ್ಲಿ, ಒಂದೇ ಊರಿನ ಕೆಲಸ, ನಮ್ಮ ನೆಲದಿಂದ ಹಾರಿದ್ದು.

ವಾಪಿಟಿ ಹುಟ್ಟಿದ ರೀತಿ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಯುದ್ಧ ಮುಗಿದ ಮೇಲೆ ಡಿಎಚ್ 9ಎ ಎಂಬ ಹಳೆ ವಿಮಾನದ ಬಿಡಿಭಾಗಗಳು ಗೋಡೌನ್‌ಗಳಲ್ಲಿ ರಾಶಿ ಬಿದ್ದಿದ್ದವು. ಅವನ್ನು ಆದಷ್ಟೂ ಬಳಸಿ ಹೊಸ ವಿಮಾನ ಮಾಡಿಕೊಡಿ ಅಂತ ಸರ್ಕಾರ ಕೇಳಿತು. ಹಲವು ಕಂಪನಿಗಳು ಪೈಪೋಟಿಗೆ ಬಂದವು. ಗೆದ್ದದ್ದು ವೆಸ್ಟ್‌ಲ್ಯಾಂಡ್. ಇದ್ದ ಸಾಮಾನಿನಲ್ಲೇ ಕೆಲಸ ಆಗುವ ಹಾಗೆ ಮಾಡುವುದು ಅವರಿಗೆ ಹೊಸದಲ್ಲ.

ಅರ್ನೆಸ್ಟ್ ಅವರ ಮಗ ವಿಲಿಯಂ ಎಡ್ವರ್ಡ್ ವಿಲ್ಲೋಬಿ ಪೆಟ್ಟರ್. ಎಲ್ಲರೂ ಕರೆಯುತ್ತಿದ್ದದ್ದು ಟೆಡ್ಡಿ ಅಂತ. ಹುಟ್ಟಿದ್ದು 1908ರಲ್ಲಿ. ಓದು ಮುಗಿಸಿ ಅಪ್ಪನ ಕಾರ್ಖಾನೆಗೆ ಬಂದವರು ಇಪ್ಪತ್ತಾರನೇ ವಯಸ್ಸಿಗೆ ಅಲ್ಲಿನ ತಾಂತ್ರಿಕ ಮುಖ್ಯಸ್ಥರಾದರು. ಮಾಲೀಕರ ಮಗ ಅಂತ ಗೊಣಗಿದವರು ಇದ್ದೇ ಇರುತ್ತಾರೆ. ಆದರೆ ಮೊದಲ ವಿಮಾನಕ್ಕೆ ಕೈ ಹಾಕುವ ಮುಂಚೆ ಅವರು ಮಾಡಿದ ಕೆಲಸ ನೋಡಿ. ಭೂಸೇನೆಯ ಜೊತೆ ಹಾರುವ ಪೈಲಟ್‌ಗಳ ಹತ್ತಿರ ಹೋಗಿ, ನಿಮಗೆ ಏನು ಬೇಕು ಅಂತ ಕೇಳಿದರು. ಕೆಳಗಿನ ನೆಲ ಚೆನ್ನಾಗಿ ಕಾಣಬೇಕು, ನಿಧಾನಕ್ಕೆ ಹಾರಬೇಕು, ಚಿಕ್ಕ ಬಯಲಿನಲ್ಲಿ ಇಳಿಯಬೇಕು ಅಂದರು. ಹಾಗೆ ಆದದ್ದು ಲೈಸಾಂಡರ್. 1936ರಲ್ಲಿ ಮೊದಲ ಸಲ ಹಾರಿತು. ಎರಡನೇ ಮಹಾಯುದ್ಧದಲ್ಲಿ ನಮ್ಮ ಮೊದಲ ಸ್ಕ್ವಾಡ್ರನ್ ಬರ್ಮಾದಲ್ಲಿ ಹಾರಿಸಿದ್ದು ಇದೇ ವಿಮಾನವನ್ನು.

ಅಷ್ಟರಲ್ಲಿ ಮನೆತನದ ಹಿಡಿತ ಸಡಿಲವಾಗಿತ್ತು. 1935ರಲ್ಲಿ ವೆಸ್ಟ್‌ಲ್ಯಾಂಡ್ ಬೇರೆ ಕಂಪನಿಯಾಯಿತು. 1938ರ ಸುಮಾರಿಗೆ ಎಂಜಿನ್ ವ್ಯಾಪಾರ ಬೇರೆಯವರ ಕೈಸೇರಿ ಲಫ್‌ಬರೋ ಊರಿಗೆ ಹೋಯಿತು. ಟೆಡ್ಡಿ 1944ರಲ್ಲಿ ಯೋವಿಲ್ ಬಿಟ್ಟು ಇಂಗ್ಲಿಷ್ ಎಲೆಕ್ಟ್ರಿಕ್ ಸೇರಿದರು. ಅಲ್ಲಿ ಕ್ಯಾನ್‌ಬೆರಾ ಬಾಂಬರ್‌ಗೆ ರೂಪ ಕೊಟ್ಟರು. ಅದೂ ನಮ್ಮ ವಾಯುಪಡೆಯಲ್ಲಿ 2007ರವರೆಗೆ ಇತ್ತು. 1950ರಲ್ಲಿ ಫೋಲಂಡ್ ಎಂಬ ಸಣ್ಣ ಕಂಪನಿಗೆ ಬಂದರು. ಗ್ನಾಟ್ ಹುಟ್ಟಿದ್ದು ಅಲ್ಲಿ.

ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ, ದುಬಾರಿಯಾಗುತ್ತಿವೆ, ಇದು ಸರಿಯಲ್ಲ ಅನ್ನುವುದು ಅವರ ವಾದ. ಹಗುರವಾಗಿ, ಅಗ್ಗವಾಗಿ ಮಾಡಿ ತೋರಿಸುತ್ತೇನೆ ಅಂತ ಹೊರಟರು. 1955ರ ಜುಲೈ 18ರಂದು ಗ್ನಾಟ್ ಹಾರಿತು. ಅದರ ಗಾಲಿಗಳ ವ್ಯವಸ್ಥೆ ನನಗೆ ಕೈಯಾರೆ ಗೊತ್ತು. ಬೇರೆ ವಿಮಾನಗಳಲ್ಲಿ ಗಾಳಿಯಲ್ಲಿ ವೇಗ ತಗ್ಗಿಸಲು ಬೇರೆ ತಟ್ಟೆಗಳು, ಅದಕ್ಕೆ ಬೇರೆ ಯಂತ್ರ. ಗ್ನಾಟ್‌ನಲ್ಲಿ ಹಾಗಿಲ್ಲ. ಗಾಲಿಗಳನ್ನು ಅವುಗಳ ಮುಚ್ಚಳದ ಸಮೇತ ಅರ್ಧ ಇಳಿಸಿದರೆ ಅದೇ ಬ್ರೇಕು. ಒಂದೇ ಸಾಮಾನು, ಎರಡು ಕೆಲಸ. ಮೊದಲ ಸಲ ನಮ್ಮ ಹಿರಿಯ ಫಿಟ್ಟರ್ ಅದನ್ನು ಇಳಿಸಿ ತೋರಿಸಿದಾಗ, ಇದನ್ನು ಯೋಚಿಸಿದವರು ಎಲ್ಲೋ ಅಂಗಡಿ ಕಟ್ಟೆ ಮೇಲೆ ಬೆಳೆದಿರಬೇಕು ಅಂತ ನನಗೆ ಅನ್ನಿಸಿತ್ತು. ಆಗ ಏನೂ ಗೊತ್ತಿರಲಿಲ್ಲ.

ಬ್ರಿಟನ್ ಅದನ್ನು ಯುದ್ಧವಿಮಾನವಾಗಿ ತೆಗೆದುಕೊಳ್ಳಲಿಲ್ಲ, ತರಬೇತಿಗೆ ಮಾತ್ರ ತೆಗೆದುಕೊಂಡಿತು. ಭಾರತ ತೆಗೆದುಕೊಂಡಿತು. 1956ರಲ್ಲಿ ಒಪ್ಪಂದವಾಗಿ ಬೆಂಗಳೂರಿನಲ್ಲಿ ತಯಾರಿ ಶುರುವಾಯಿತು. ಅದರ ಆರ್ಫಿಯಸ್ ಎಂಜಿನ್ ಕೂಡ ಇಲ್ಲೇ ಆಯಿತು. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಗ್ನಾಟ್‌ನಿಂದ ಪಾಕಿಸ್ತಾನದ ಸೇಬರ್ ವಿಮಾನವನ್ನು ಹೊಡೆದು ವೀರಚಕ್ರ ಪಡೆದರು. ಆಮೇಲೆ ಗ್ನಾಟ್‌ಗೆ ಸೇಬರ್ ಸ್ಲೇಯರ್, ಅಂದರೆ ಸೇಬರ್ ಸಂಹಾರಿ, ಅಂತಲೇ ಹೆಸರಾಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಗ್ನಾಟ್‌ನಲ್ಲಿ ಹೋರಾಡುತ್ತಾ ಮಡಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಬಂತು. ವಾಯುಪಡೆಯಲ್ಲಿ ಆ ಗೌರವ ಸಿಕ್ಕಿರುವುದು ಅವರೊಬ್ಬರಿಗೇ. ಇವೆಲ್ಲ ಫಲಕದ ಮೇಲೆ ಇರಬೇಕು, ಇರಲೇಬೇಕು. ನಾನು ಇವುಗಳ ಜಾಗ ಕಿತ್ತುಕೊಳ್ಳಿ ಅನ್ನುತ್ತಿಲ್ಲ.

ಗ್ನಾಟ್‌ನಲ್ಲಿ ದೋಷ ಇರಲಿಲ್ಲವೇ? ಇತ್ತು. ಹೈಡ್ರಾಲಿಕ್ ತೊಂದರೆ, ಫಿರಂಗಿ ಸಿಕ್ಕಿಹಾಕಿಕೊಳ್ಳುವ ತೊಂದರೆ. ಅದನ್ನೆಲ್ಲ ತಿದ್ದಲೆಂದೇ ಅಜೀತ್ ಬಂದದ್ದು. ರೆಕ್ಕೆಯೊಳಗೇ ಇಂಧನ ತುಂಬುವ ಹಾಗೆ ಮಾಡಿದರು. ತಂದುಕೊಂಡ ಸಾಮಾನನ್ನು ಬಿಚ್ಚಿ, ನೋಡಿ, ತಿದ್ದಿ, ನಮ್ಮ ಕೆಲಸಕ್ಕೆ ಒಗ್ಗಿಸಿಕೊಂಡದ್ದು. 1991ರವರೆಗೆ ಅದು ಹಾರಿತು.

ಯಾರಾದರೂ ಕೇಳಬಹುದು. ಟೆಡ್ಡಿ ಹುಟ್ಟಿದ್ದು ಲಂಡನ್ನಿನಲ್ಲಿ, ಅವರೇನು ತಾತನ ಅಂಗಡಿಯಲ್ಲಿ ಮೊಳೆ ತೂಗಿದ್ದರಾ, ಅಂಗಡಿಯನ್ನು ಯಾಕೆ ಎಳೆದು ತರುತ್ತೀರಿ ಅಂತ. ಪ್ರಶ್ನೆ ಸರಿಯಾಗಿದೆ. ಆದರೆ ಅಂಗಡಿ ಇಲ್ಲದಿದ್ದರೆ ಫೌಂಡ್ರಿ ಇಲ್ಲ. ಫೌಂಡ್ರಿ ಇಲ್ಲದಿದ್ದರೆ ಎಂಜಿನ್ ಇಲ್ಲ, ಕೆಲಸ ಬಲ್ಲ ಕೈಗಳಿಲ್ಲ, ವೆಸ್ಟ್‌ಲ್ಯಾಂಡ್ ಜಮೀನಿಲ್ಲ. ಇಪ್ಪತ್ತಾರು ವರ್ಷದ ಹುಡುಗನಿಗೆ ಇಡೀ ವಿಮಾನ ಕಾರ್ಖಾನೆಯ ವಿನ್ಯಾಸದ ಕೆಲಸ ಒಪ್ಪಿಸುವ ಮನೆಯೂ ಇಲ್ಲ. ನಮ್ಮ ಮಕ್ಕಳಿಗೆ ನಾವು ಹೇಳುವುದು ಕೊನೆಯ ತುಂಡು ಮಾತ್ರ. ಕೇಂಬ್ರಿಜ್, ಜೆಟ್ ಎಂಜಿನ್, ಪದಕ. ಅದನ್ನು ಕೇಳಿದ ಹಳ್ಳಿಯ ಹುಡುಗಿ, ಇದು ನಮ್ಮಂಥವರ ಮನೆಯಲ್ಲಿ ಶುರುವಾಗುವ ಕೆಲಸವಲ್ಲ ಅಂದುಕೊಂಡು ವಾಪಸ್ ಹೋಗುತ್ತಾಳೆ. ಅವಳಪ್ಪ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರಬಹುದು. ಅವಳಿಗೆ ಮೊದಲ ತುಂಡೂ ಗೊತ್ತಾಗಬೇಕು.

ವೆಸ್ಟ್‌ಲ್ಯಾಂಡ್ ಹೆಸರು ನಮ್ಮ ಪತ್ರಿಕೆಗಳಲ್ಲಿ ಜಾಸ್ತಿ ಕಾಣಿಸಿಕೊಂಡದ್ದು ಹೆಲಿಕಾಪ್ಟರ್ ಖರೀದಿಯ ಗಲಾಟೆಯಲ್ಲಿ. ಆ ಹೆಸರು ಮೊದಲು ಒಂದು ಜಮೀನಿನ ಹೆಸರಾಗಿತ್ತು, ಒಲೆ ಮಾಡುವವರು ಅದನ್ನು ಕೊಂಡಿದ್ದರು ಅಂತ ಎಷ್ಟು ಜನರಿಗೆ ಗೊತ್ತು? ಯೋವಿಲ್‌ನಲ್ಲಿ ಇವತ್ತಿಗೂ ಹೆಲಿಕಾಪ್ಟರ್ ತಯಾರಾಗುತ್ತದೆ. ಮಾಲೀಕರು ಬೇರೆ, ಕಂಪನಿಯ ಹೆಸರು ಬೇರೆ.

ಮೇಷ್ಟ್ರುಗಳಿಗೆ ಇನ್ನೊಂದು ಮಾತು. ವಿಮಾನ ತೋರಿಸಲು ಮಕ್ಕಳನ್ನು ಬಸ್ಸಿನಲ್ಲಿ ಕರೆತರುವ ಮುಂಚಿನ ದಿನ, ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಗೆ ಅರ್ಧ ಗಂಟೆ ಕರೆದುಕೊಂಡು ಹೋಗಿ. ಯಾವ ಸಾಮಾನು ಜಾಸ್ತಿ ಮುರಿದು ವಾಪಸ್ ಬರುತ್ತದೆ ಅಂತ ಅಂಗಡಿಯವರನ್ನು ಮಕ್ಕಳೇ ಕೇಳಲಿ. ಅವರು ಖಂಡಿತ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮಪ್ಪನನ್ನು ಯಾರಾದರೂ ಹಾಗೆ ಕೇಳಿದ್ದರೆ ಸಂಜೆಯವರೆಗೂ ಹೇಳುತ್ತಿದ್ದರು.

ಫಲಕಕ್ಕೆ ಬೇಕಾದ ಸಾಲುಗಳನ್ನು ನಾನೇ ಬರೆದಿದ್ದೇನೆ. ತಿದ್ದಬೇಕಾದರೆ ತಿದ್ದಿ. ಆದರೆ ಕನ್ನಡದಲ್ಲಿ, ಐದನೇ ಕ್ಲಾಸಿನ ಮಗು ನಿಂತು ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ:

"ಈ ವಿಮಾನದ ವಿನ್ಯಾಸ ಮಾಡಿದವರು ಟೆಡ್ಡಿ ಪೆಟ್ಟರ್. ಇವರ ತಾತ ಜೇಮ್ಸ್ ಪೆಟ್ಟರ್ ಇಂಗ್ಲೆಂಡಿನ ಯೋವಿಲ್ ಊರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನಡೆಸುತ್ತಿದ್ದರು. ಆ ಅಂಗಡಿಗೆ ಎರಕದ ಮನೆ ಸೇರಿತು. ಅಲ್ಲಿ ಒಲೆ ಮಾಡಿದರು, ಆಮೇಲೆ ರೈತರಿಗೆ ಎಂಜಿನ್ ಮಾಡಿದರು, 1915ರಿಂದ ವಿಮಾನ ಮಾಡಿದರು. ಭಾರತೀಯ ವಾಯುಪಡೆಯ ಮೊದಲ ನಾಲ್ಕು ವಿಮಾನಗಳು ಆ ಕಾರ್ಖಾನೆಯವು. ನಿಮ್ಮ ಮುಂದಿರುವ ಈ ವಿಮಾನವನ್ನು ಬೆಂಗಳೂರಿನ ಕಾರ್ಮಿಕರು ಕಟ್ಟಿದರು."

ಇಂತಿ,
ಒಬ್ಬ ನಿವೃತ್ತ ಫಿಟ್ಟರ್, ಕಬ್ಬಿಣದ ಅಂಗಡಿಯವರ ಮಗ